ಕಾಲುತೊಟ್ಟಿಗೆ ಎರಡು ಪ್ರಮಾಣಪತ್ರ

ಫೆಬ್ರವರಿ ೩

ನನ್ನ ಹೆಂಡತಿಯ ಏಕೈಕ ತಮ್ಮನಿಗೆ,

ನಿನ್ನ ಜೊತೆ ನಾನು ಮಾತು ಬಿಟ್ಟಿದ್ದೇನೆ. ಇದು ಮಾತಲ್ಲ. ಫೋನಿನಲ್ಲಿ ಆಡಿದರೆ ಮಾತು, ಕಾಗದದಲ್ಲಿ ಬರೆದರೆ ವ್ಯವಹಾರ ಎಂದು ನಿನ್ನ ಅಕ್ಕ ತೀರ್ಪು ಕೊಟ್ಟಿರುವುದರಿಂದ ಬರೆಯುತ್ತಿದ್ದೇನೆ. ನೀನೂ ಹಾಗೆಯೇ ಮಾಡತಕ್ಕದ್ದು.

ನಿಮ್ಮ ಪರೀಕ್ಷಾಲಯದ ಹದಿನಾಲ್ಕು ಪುಟದ ವರದಿ ಕೈಸೇರಿತು. ಮೊದಲ ಹದಿಮೂರು ಪುಟ ಓದುವಾಗ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಕಾಲುತೊಟ್ಟಿಯನ್ನು ಕಾಯಿಸಿದಿರಿ, ಪಾಸು. ಮೇಲೆ ನೀರು ಚೆಲ್ಲಿದಿರಿ, ಪಾಸು. ಮೂರು ದಿನ ಬಿಡದೆ ಓಡಿಸಿದಿರಿ, ಆಗಲೂ ಪಾಸು. ಅದರ ಉಕ್ಕಿನ ಮೈಗೆ ಎಷ್ಟು ಕರೆಂಟು ಸೋರುತ್ತದೆ ಎಂದು ಅಳೆದಿರಿ. ಮಿತಿಯ ಕಾಲು ಭಾಗವೂ ಇಲ್ಲ. ಸುರಕ್ಷತೆಯ ಪ್ರಮಾಣಪತ್ರ ಅಲ್ಲೇ ಕೊಟ್ಟಿರಿ, ನಾನು ಅದಕ್ಕೆ ಚೌಕಟ್ಟು ಹಾಕಿಸಿದ್ದೂ ಆಯಿತು. ಆಮೇಲೆ ಹದಿನಾಲ್ಕನೆಯ ಪುಟ ತಿರುಗಿಸಿದೆ. ‘ರೇಡಿಯೋ ತರಂಗಗಳ ಗಲಾಟೆ ಮಿತಿ ಮೀರಿದೆ. ಅನುತ್ತೀರ್ಣ.’ ಕೆಳಗೆ ನಿನ್ನ ರುಜು, ಸೊಂಟ ಬಳುಕಿಸಿಕೊಂಡು.

ಕಾಲು ನೆನೆಸುವ ತೊಟ್ಟಿಗೂ ರೇಡಿಯೋಗೂ ಏನಯ್ಯಾ ಸಂಬಂಧ? ಅದೇನು ಹಾಡುತ್ತದೆಯೇ, ವಾರ್ತೆ ಓದುತ್ತದೆಯೇ? ಬೆಚ್ಚಗಿನ ನೀರಿನಲ್ಲಿ ದಣಿದ ಕಾಲು ಇಡಬೇಕು, ಕೆಳಗಿರುವ ಮೋಟಾರು ನಡುಗಿಸಬೇಕು, ನೋವು ಇಳಿಯಬೇಕು. ಇಷ್ಟೇ ಅದರ ಬಾಳಿನ ಗುರಿ. ಆರು ವರ್ಷ ತಪಸ್ಸು ಮಾಡಿ ಹುಟ್ಟಿಸಿದ್ದೇನೆ. ಸ್ವಂತ ಭಾವನ ಮಗುವನ್ನು ಫೇಲು ಮಾಡುವಾಗ ನಿನ್ನ ಪೆನ್ನು ಒಂದು ಸಲವಾದರೂ ಕೆಮ್ಮಲಿಲ್ಲವೇ?

ಉತ್ತರ ಬೇಕಾಗಿಲ್ಲ. ಆದರೆ ಬೇಗ ಬರೆ.

ಮಾತು ಬಿಟ್ಟಿರುವ,
ಭಾವ

*

ಫೆಬ್ರವರಿ ೧೧

ಮಾತು ಬಿಟ್ಟ ಭಾವನವರಿಗೆ ಮಾತು ಬಿಡದ ಬಾಮೈದನ ವ್ಯವಹಾರಪತ್ರ,

ನಿಮ್ಮ ಕೂಸು ಹಾಡುವುದಿಲ್ಲ, ನಿಜ. ಅದು ಕೆರೆಯುತ್ತದೆ. ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡಲು ಸರ್ಕ್ಯೂಟಿನ ಒಂದು ಪುಟ್ಟ ಹಲಗೆ ಇಟ್ಟಿದ್ದೀರಲ್ಲ, ಅದು ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ. ಆ ಕತ್ತರಿಯ ಸದ್ದು ನಮ್ಮ ಕಿವಿಗೆ ಕೇಳದು. ತಂತಿ ಹಿಡಿದು ಹಿಂದಕ್ಕೆ ಓಡಿ ಗೋಡೆ ದಾಟಿ ಪಕ್ಕದ ಮನೆಯ ರೇಡಿಯೋದಲ್ಲಿ ಗೊರಗೊರ ಎನ್ನುತ್ತದೆ. ಪಕ್ಕದ ಮನೆಯಲ್ಲಿರುವುದು ರೇಡಿಯೋ ಆಗಿರದೆ ಯಾರದೋ ಉಸಿರಾಟದ ಯಂತ್ರವೋ ಕಿವಿಯ ಯಂತ್ರವೋ ಆಗಿದ್ದರೆ? ಅದಕ್ಕೇ ಮಾನಕ, ಅದಕ್ಕೇ ಗೋಡೆ ತುಂಬ ಮೊನೆಮೊನೆ ಇರುವ ನಮ್ಮ ಮುಳ್ಳುಹಂದಿ ಕೋಣೆ, ಅದರೊಳಗೆ ಸಂಬಳಕ್ಕೆ ಕೂತಿರುವ ನಾನು. ಆ ಕೋಣೆಯಲ್ಲಿ ನಿಮ್ಮ ತೊಟ್ಟಿ ಬಿಟ್ಟಾಗ ಪರದೆಯ ಮೇಲಿನ ಗೆರೆ ಎದ್ದು ನಿಂತ ಪರಿ ನೋಡಿ ನನಗೇ ಗೌರವ ಬಂತು.

ದುರಸ್ತಿ ಹೇಗೆ ಎಂದು ಹೇಳುವ ಹಕ್ಕು ನನಗಿಲ್ಲ. ಪರೀಕ್ಷಕ ಅಳೆಯಬೇಕು, ಸಲಹೆ ಕೊಡಬಾರದು. ಮುಳುಗುತ್ತಿರುವವನಿಗೆ ‘ಇಲ್ಲಿ ಆಳ ಏಳು ಅಡಿ’ ಎಂದು ದಡದಿಂದ ಕೂಗಬಹುದು. ಕೈ ಕೊಟ್ಟರೆ ಕೆಲಸ ಹೋಗುತ್ತದೆ. ಆದ್ದರಿಂದ ಮುಂದಿನ ಸಾಲನ್ನು ನಾನು ಬರೆದಿಲ್ಲ, ನೀವು ಓದಿಲ್ಲ: ಕರೆಂಟು ಒಳಗೆ ಬರುವ ಎರಡು ತಂತಿಗಳಿಂದ ತೊಟ್ಟಿಯ ಉಕ್ಕಿನ ಮೈಗೆ ಒಂದೊಂದು ಕೆಪಾಸಿಟರ್ ಜೋಡಿಸಿದರೆ ಗಲಾಟೆ ಅಲ್ಲಿಂದಲೇ ಇಳಿದುಹೋಗುತ್ತದೆ.

ಅಕ್ಕನಿಗೆ ಹೇಳಿ, ಅವಳ ತಮ್ಮ ಇನ್ನೂ ಮನುಷ್ಯನೇ ಎಂದು.

ಏಳು ಅಡಿ ಆಳದ ದಡದಿಂದ,
ಬಾಮೈದ

*

ಏಪ್ರಿಲ್ ೨

ಬಾಮೈದರೇ,

ಇವತ್ತು ಬಹುವಚನ. ನಿಮ್ಮ ಎರಡನೆಯ ಪ್ರಮಾಣಪತ್ರ ಬಂತು. ನನ್ನ ತೊಟ್ಟಿ ಮುಳ್ಳುಹಂದಿಯ ಹೊಟ್ಟೆಯಲ್ಲಿ ಹಾಲು ಕುಡಿದ ಮಗುವಿನ ಹಾಗೆ ಮಲಗಿತ್ತಂತೆ, ಗೆರೆ ಮೇಲೇಳಲೇ ಇಲ್ಲವಂತೆ. ಅದನ್ನೂ ಚೌಕಟ್ಟು ಹಾಕಿಸಿ, ಮೊದಲನೆಯದರ ಪಕ್ಕದಲ್ಲೇ ತೂಗುಹಾಕಿದ್ದೇನೆ. ಗಿರಾಕಿ ಒಳಗೆ ಕಾಲಿಟ್ಟರೆ ಎಡಗಣ್ಣಿಗೆ ಸುರಕ್ಷತೆ, ಬಲಗಣ್ಣಿಗೆ ನಿಶ್ಶಬ್ದ.

ನೀನು ಬರೆಯದ ಸಾಲನ್ನು ನಾನು ಓದಲಿಲ್ಲ. ನಮ್ಮ ಮೇಸ್ತ್ರಿಯೂ ಓದಲಿಲ್ಲ. ಆದರೆ ಕೆಲಸ ಚೆನ್ನಾಗಿ ಮಾಡಿದ.

ಮಾತು ಮಾತ್ರ ಇನ್ನೂ ಬಿಟ್ಟಿದ್ದೇನೆ. ಒಂದು ಫೇಲಿಗೆ ಒಂದು ವರ್ಷ, ಅದು ನನ್ನ ನಿಯಮ. ಹತ್ತು ತಿಂಗಳು ಬಾಕಿ ಇದೆ.

ಗೆದ್ದಿರುವ,
ಭಾವ

*

ಜೂನ್ ೧೯

ಸೊನ್ನೆ,

ದುಂಡು ಕನ್ನಡಕ ಹಾಕಿದ ದಿನದಿಂದ ನಿನಗೆ ಇದೇ ಹೆಸರು, ಈಗ ತಲೆಯೂ ಅದೇ ಆಕಾರಕ್ಕೆ ಬಂದಿದೆಯಂತೆ. ನಿಮ್ಮಿಬ್ಬರ ವ್ಯವಹಾರದ ನಡುವೆ ನಾನು ಒಬ್ಬಳು ಬದುಕಿದ್ದೇನೆ ಎಂದು ತಿಳಿಸಲು ಬರೆಯುತ್ತಿದ್ದೇನೆ.

ನಿನ್ನ ಭಾವನ ಕಾಲು ನೆಲದ ಮೇಲಿಲ್ಲ. ತೊಟ್ಟಿ ನೂರೈವತ್ತರ ಮೇಲೆ ಹೋಗಿವೆ. ಜನ ಬಿಸಿನೀರಿಗೆ ಬರುವುದಿಲ್ಲ, ಅದರ ಜುಮ್ಮಿಗೆ ಬರುತ್ತಾರೆ. ನೀರಿನಲ್ಲಿ ಕಾಲಿಟ್ಟು ಯಾವುದಾದರೂ ಗೋಡೆ ಮುಟ್ಟಿದರೆ ಮೈಯೆಲ್ಲ ಜುಮ್ ಅನ್ನುತ್ತೆ, ಇರುವೆ ಓಡಿದ ಹಾಗೆ. ಇವರು ಲೇಬಲ್ಲನ್ನೇ ಬದಲಾಯಿಸಿದರು: ‘ನರನರಕ್ಕೂ ನವಚೇತನ’. ನಾನು ಕೇಳಿದೆ, ‘ಅಲ್ರೀ, ಮೊದಲಿನ ತೊಟ್ಟೀಲಿ ಜುಮ್ ಇರಲಿಲ್ವಲ್ಲ?’ ‘ನಡುಕ ಪಳಗಿದೆ ಕಣೇ, ಮೋಟಾರು ಈಗ ನರದ ತಾಳಕ್ಕೆ ಕೂತಿದೆ’ ಅಂದರು.

ಮೊನ್ನೆ ಒಬ್ಬರು ಬಂದು ಅಂಗಡಿಯಲ್ಲಿ ಒಂದೇ ಜಗಳ. ‘ಏನ್ರೀ, ನಮ್ಮ ತಂಗಿ ಮನೇಲಿ ಇದೇ ತೊಟ್ಟಿ ಹಿಡ್ಕೊಂಡು ಅಲ್ಲಾಡಿಸುತ್ತೆ, ನಮಗೆ ಕೊಟ್ಟಿದ್ದು ಬರೀ ಬಿಸಿನೀರಿನ ಪಾತ್ರೆ!’ ಮೇಸ್ತ್ರಿ ತಲೆ ಕೆರೆದುಕೊಂಡು ಯೋಚಿಸಿ, ಪ್ಲಗ್ಗಿನಲ್ಲಿ ದಪ್ಪಗಿನ ಮೂರನೆಯ ಕಡ್ಡಿ ಇರುತ್ತಲ್ಲ, ಅದನ್ನು ಇಕ್ಕಳದಲ್ಲಿ ಕಿತ್ತುಕೊಟ್ಟ. ಮಾರನೆಯ ದಿನ ಅದೇ ಮನುಷ್ಯ ಮುಖ ಅರಳಿಸಿಕೊಂಡು ಬಂದು, ‘ಈಗ ಬಂತು ನೋಡಿ ಜೀವ!’ ಅಂದರು. ಸುದ್ದಿ ಹರಡಿ, ಕಡ್ಡಿ ಕೀಳಿಸಿಕೊಳ್ಳೋಕೆ ಇನ್ನೂ ಕೆಲವರು ಬಂದರು. ಮೇಸ್ತ್ರಿಗೆ ಡಾಕ್ಟರ ಹಮ್ಮು.

ನಮ್ಮ ಬಚ್ಚಲ ಸಾಕೆಟ್ಟಿಗೆ ಮೊದಲಿಂದಲೂ ಎರಡೇ ತೂತು, ಪ್ಲಗ್ಗನ್ನು ಎರಡು ಕಡ್ಡಿಯ ಅಡಾಪ್ಟರಿಗೆ ಸಿಕ್ಕಿಸಿ ಹಾಕುತ್ತೇವೆ, ಹಾಗಾಗಿ ನಮ್ಮದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಮೊನ್ನೆ ಕಾಲಿಟ್ಟುಕೊಂಡೇ ನಲ್ಲಿ ನಿಲ್ಲಿಸೋಕೆ ಕೈ ಚಾಚಿದೆ ನೋಡು, ಯಾರೋ ಮೊಣಕೈಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಗಿ ಕೈ ತಾನಾಗಿ ಮಡಚಿಕೊಂಡಿತು. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಇಲಿ ಅಂದುಕೊಂಡರಂತೆ. ಇವರಿಗೆ ಹೇಳಿದರೆ, ‘ಹಳೇ ನೋವು ಹೊರಗೆ ಹೋಯ್ತು ಬಿಡು’ ಅಂತ ಸಮಾಧಾನ.

ನೀನು ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ

*

ಜೂನ್ ೨೪

ಭಾವ,

ಅಕ್ಕನ ಪತ್ರ ಓದುತ್ತ ಓದುತ್ತ ನಾನು ಕುರ್ಚಿಯಿಂದ ಎದ್ದೆ. ತಕ್ಷಣ ಮನೆಗೆ ಫೋನು ಮಾಡಿ, ತೊಟ್ಟಿಯ ಪ್ಲಗ್ಗು ಕೀಳುವ ಸದ್ದು ಕಿವಿಗೆ ಬೀಳುವವರೆಗೂ ಅವಳನ್ನು ಬಿಡಲಿಲ್ಲ. ವರ್ಕ್‌ಶಾಪಿಗೆ ನಾಲ್ಕು ಸಲ ಮಾಡಿದೆ. ನನ್ನ ಧ್ವನಿ ಕೇಳಿ ನಾಲ್ಕು ಸಲವೂ ಇಟ್ಟಿರಿ. ಒಂದು ವರ್ಷದ ನಿಯಮವನ್ನು ಪಾಲಿಸುವ ಪರಿ ನೋಡಿದರೆ ನೀವೇ ಒಂದು ಮಾನಕ. ಹಾಗಾಗಿ ಬರೆಯುತ್ತಿದ್ದೇನೆ.

ಅದು ನರದ ತಾಳವಲ್ಲ, ನವಚೇತನವೂ ಅಲ್ಲ. ಕರೆಂಟು. ನಾನು ಬರೆದೆನಲ್ಲ ಆ ಕೆಪಾಸಿಟರು, ಅದು ಗಲಾಟೆಯನ್ನು ಮಾತ್ರ ಮೈಗೆ ಇಳಿಸುವುದಿಲ್ಲ, ಒಂದಿಷ್ಟು ಕರೆಂಟನ್ನೂ ಇಳಿಸುತ್ತದೆ. ಅದಕ್ಕೆಂದೇ ಮಾಡಿದ, ಮುದ್ರೆಯಿರುವ ಜಾತಿಯದನ್ನು, ಕಾಳಿನಷ್ಟು ಸಣ್ಣದನ್ನು ಹಾಕಬೇಕು. ಇಳಿದದ್ದು ಪ್ಲಗ್ಗಿನ ಮೂರನೆಯ ಕಡ್ಡಿಯಿಂದ ಭೂಮಿಗೆ ಹೋಗುತ್ತದೆ. ಆ ಕಡ್ಡಿ ಇಲ್ಲದಿದ್ದರೆ, ಅಥವಾ ಮನೆಯ ಸಾಕೆಟ್ಟಿನಲ್ಲೇ ಭೂಮಿಗೆ ದಾರಿ ಇಲ್ಲದಿದ್ದರೆ, ಅದು ತೊಟ್ಟಿಯ ಮೈಯಲ್ಲಿ, ನೀರಿನಲ್ಲಿ ಕಾದು ಕೂತಿರುತ್ತದೆ. ಯಾರು ನಲ್ಲಿ ಮುಟ್ಟುತ್ತಾರೆ, ಯಾರು ಒದ್ದೆ ಗೋಡೆ ಮುಟ್ಟುತ್ತಾರೆ ಎಂದು. ಮೇಸ್ತ್ರಿ ಡಾಕ್ಟರಾಗಿ ಕಿತ್ತದ್ದು ಆ ಕಡ್ಡಿಯನ್ನು.

ಸುರಕ್ಷತೆಯ ಪರೀಕ್ಷೆ ಆಗಿದೆಯಲ್ಲ ಎನ್ನುತ್ತೀರಿ. ಆಗಿದೆ. ಕೆಪಾಸಿಟರ್ ಇಲ್ಲದ ತೊಟ್ಟಿಗೆ. ಗಲಾಟೆಯ ಪರೀಕ್ಷೆ ಆದದ್ದು ಕೆಪಾಸಿಟರ್ ಇರುವ ತೊಟ್ಟಿಗೆ. ನಿಮ್ಮ ಗೋಡೆಯ ಮೇಲೆ ತೂಗುತ್ತಿರುವುದು ಎರಡು ಬೇರೆ ಯಂತ್ರಗಳ ಪ್ರಮಾಣಪತ್ರ. ನೀವು ಮಾರುತ್ತಿರುವ ಯಂತ್ರದ ಸೋರಿಕೆಯನ್ನು ಈ ಭೂಮಿಯ ಮೇಲೆ ಯಾರೂ ಅಳೆದಿಲ್ಲ.

ಇನ್ನು ನನ್ನ ಪಾಲು. ಎರಡನೆಯ ಸಲ ತೊಟ್ಟಿ ಬಂದಾಗ ಮುಚ್ಚಳ ತೆಗೆದು, ಒಳಗೆ ಏನು ಬದಲಾಗಿದೆ ನೋಡಿ, ಬದಲಾಗಿದ್ದರೆ ಸುರಕ್ಷತೆಯ ಪರೀಕ್ಷೆಗೆ ಮೊದಲಿನಿಂದ ಕಳಿಸಬೇಕಾಗಿತ್ತು. ನಾಲ್ಕು ಸ್ಕ್ರೂ. ನಾನು ತೆಗೆಯಲಿಲ್ಲ. ತೆಗೆದರೆ ನಾನು ಬರೆಯದ ಸಾಲು ಒಳಗೆ ಕೂತಿರುವುದನ್ನು ನಾನೇ ನೋಡಬೇಕಾಗುತ್ತಿತ್ತು. ಮನೆಯಲ್ಲಿ ಶಾಂತಿ ಆಗಲಿ ಎಂದು ಮುದ್ರೆ ಒತ್ತಿದೆ.

ಮಾರಾಟ ಇವತ್ತೇ ನಿಲ್ಲಿಸಿ. ಮಾರಿದ್ದನ್ನೆಲ್ಲ ವಾಪಸ್ಸು ತರಿಸಿ. ಎಷ್ಟು ದೊಡ್ಡ ಕೆಪಾಸಿಟರ್ ಹಾಕಿದ್ದೀರಿ, ಯಾವ ಜಾತಿಯದು, ಟೆಲಿಗ್ರಾಂ ಕಳಿಸಿಯಾದರೂ ತಿಳಿಸಿ. ಕೈ ಮುಗಿಯುತ್ತೇನೆ, ಇದರಲ್ಲಿ ಒಂದು ಅಕ್ಷರವೂ ತಮಾಷೆಯಲ್ಲ.

ಬಾಮೈದ

*

ಜುಲೈ ೫

ಪರೀಕ್ಷಕ ಮಹಾಶಯರಿಗೆ,

ತಮ್ಮ ಪತ್ರ ತಲುಪಿತು. ಬಹಳ ಚೆನ್ನಾಗಿ ಹೆದರುತ್ತೀರಿ.

ನೂರ ಅರವತ್ತಮೂರು ಮನೆ. ಒಬ್ಬರಾದರೂ ‘ಅಯ್ಯೋ’ ಅಂದಿದ್ದಾರೆಯೇ? ಹೊಗಳಿ ಬರೆದ ಕಾಗದಗಳನ್ನು ತೂಕಕ್ಕೆ ಹಾಕಬಹುದು. ಒಬ್ಬ ತಾಯಿ ಮಂಡಿನೋವು ಮರೆತು ಮಹಡಿ ಹತ್ತಿದ್ದಾರೆ. ಅವರ ಮನೆಗೆ ಹೋಗಿ, ‘ಅಮ್ಮ, ನೀವು ಹತ್ತಿದ್ದು ತಪ್ಪು, ಇಳಿಯಿರಿ, ತೊಟ್ಟಿ ಕೊಡಿ’ ಎನ್ನಲೇ?

ಕೆಪಾಸಿಟರ್ ಎಷ್ಟು ದೊಡ್ಡದು ಎಂದು ಕೇಳಿದ್ದೀಯ. ನೀನು ‘ಒಂದೊಂದು’ ಎಂದು ಬರೆದೆ, ಅಳತೆ ಬರೆಯಲಿಲ್ಲ, ಜಾತಿ ಬರೆಯಲಿಲ್ಲ. ಸಣ್ಣದು ಹಾಕಿದೆವು, ಪಕ್ಕದ ಅಂಗಡಿಯ ರೇಡಿಯೋ ಇನ್ನೂ ಗೊರಗೊರ ಅಂತಿತ್ತು. ಇದ್ದದ್ದರಲ್ಲೇ ದೊಡ್ಡದು ಹಾಕಿದೆವು, ಸುಮ್ಮನಾಯಿತು. ಹಳೆಯ ಮಾಲಿನ ಡಬ್ಬಿಯಲ್ಲಿ ಕೊಡಗಟ್ಟಲೆ ಬಿದ್ದಿದ್ದವು. ಇದರಲ್ಲಿ ನನ್ನ ತಪ್ಪೇನು?

ಇನ್ನೊಂದು ವಿಷಯ. ನೀನು ಬರೆಯದ ಸಾಲನ್ನು ನಾನು ಓದಲಿಲ್ಲ ಎಂದಿದ್ದೆ. ಆದರೆ ಆ ಕಾಗದವನ್ನು ಹರಿಯಲೂ ಇಲ್ಲ. ಬೀರುವಿನಲ್ಲಿದೆ. ಎರಡು ಪ್ರಮಾಣಪತ್ರದ ಮೇಲೂ ರುಜು ಯಾರದು ಎಂಬುದು ಗೋಡೆಗೆ ಗೊತ್ತಿದೆ. ನನ್ನನ್ನು ನೀರಿಗೆ ತಳ್ಳಿದರೆ ನಿನ್ನ ಕಾಲೂ ನನ್ನ ಕೈಯಲ್ಲಿದೆ ಎಂಬುದು ನೆನಪಿರಲಿ.

ಎರಡೂ ಚೌಕಟ್ಟು ಹಾಗೇ ಇಟ್ಟಿರುವ,
ಭಾವ

*

ಜುಲೈ ೧೦

ಸೊನ್ನೆ,

ಮೊದಲು ಇದನ್ನು ಓದು: ಅವರು ಬದುಕಿದ್ದಾರೆ.

ಮೊನ್ನೆ ಮಧ್ಯಾಹ್ನ ಊಟ ಆದ ಮೇಲೆ ನಾನೇ ಕೆಣಕಿದೆ. ‘ನನ್ನ ತಮ್ಮ ಹೆದರುಪುಕ್ಕಲ, ಒಪ್ಪಿದೆ. ಆದ್ರೆ ಸುಳ್ಳ ಅಲ್ಲ’ ಅಂದೆ. ಇವರು ಎದ್ದು, ‘ನಿಮ್ಮ ಮನೆತನಕ್ಕೇ ಧೈರ್ಯ ಇಲ್ಲ, ಬಾ ತೋರಿಸ್ತೀನಿ’ ಅಂತ ಬಚ್ಚಲಿಗೆ ನಡೆದರು. ‘ಬೇಡ್ರೀ, ಪ್ಲಗ್ಗು ಹಾಕ್ಬೇಡಿ’ ಅಂದೆ. ‘ನನ್ನ ಮಗು ನನ್ನನ್ನ ಕಚ್ಚುತ್ತಾ?’ ಅಂದರು. ಪಂಚೆ ಮಡಚಿ, ಎರಡೂ ಕಾಲು ನೀರಿಗಿಟ್ಟು, ನನ್ನ ಮುಖವನ್ನೇ ನೋಡುತ್ತ, ನಗುತ್ತ, ನಲ್ಲಿ ಹಿಡಿದರು.

ನಗು ಹಾಗೇ ನಿಂತಿತು, ಸೊನ್ನೆ. ಮುಖದ ಮೇಲೆ ನಗು ಇದೆ, ಒಳಗೆ ಮನುಷ್ಯ ಇಲ್ಲ. ಕಿರುಚಲಿಲ್ಲ. ಕೈ ಬಿಡಲಿಲ್ಲ. ಬಿಡೋಕೆ ಆಗ್ತಿಲ್ಲ ಅಂತ ನನಗೆ ಹೊಳೆಯೋಕೆ ಎಷ್ಟು ಹೊತ್ತಾಯಿತೋ. ಮುಟ್ಟಬೇಡ ಅಂತ ನೀನು ಫೋನಿನಲ್ಲಿ ಹತ್ತು ಸಲ ಹೇಳಿದ್ದು ಕಿವಿಯಲ್ಲಿತ್ತು. ಸ್ವಿಚ್ಚು ಬಾಗಿಲ ಹೊರಗೆ, ನಾಲ್ಕೇ ಹೆಜ್ಜೆ. ಆ ನಾಲ್ಕು ಹೆಜ್ಜೆ ನಾನು ಇನ್ನೂ ನಡೆಯುತ್ತಲೇ ಇದ್ದೇನೆ.

ಆರಿಸಿದ ಮೇಲೆ ಮೂಟೆ ಹಾಗೆ ಕುಸಿದರು. ಡಾಕ್ಟರು ಬಂದು ಎದೆ ನೋಡಿ, ಪುಣ್ಯವಂತರು ಅಂದರು. ಅಂಗೈಯಲ್ಲಿ ನಲ್ಲಿಯ ಹಿಡಿಯ ಗುರುತು ಕೆಂಪಗೆ ಮೂಡಿದೆ. ನಿನ್ನೆ ಮಧ್ಯಾಹ್ನ ಬಾಯಿ ಬಿಟ್ಟರು: ‘ಮಹಡಿ ಹತ್ತಿದ ಅಮ್ಮನ ಮನೇಲೂ ನಲ್ಲಿ ಪಕ್ಕದಲ್ಲೇ ಇದೆ ಕಣೇ. ನಾನೇ ಹೋಗಿ ಇಟ್ಟುಬಂದಿದ್ದೆ.’

ಆಮೇಲೆ ಬೀರು ತೆಗೆದು ನಿನ್ನ ಆ ಕಾಗದ ನನ್ನ ಕೈಗೆ ಕೊಟ್ಟರು. ‘ಹರಿದುಬಿಡು’ ಅಂದರು. ನಾನು ಹರಿಯಲಿಲ್ಲ. ಅದನ್ನೂ, ನಮ್ಮನೆಯ ತೊಟ್ಟಿಯನ್ನೂ, ಅಂಗಡಿಯಿಂದ ಹೊಸದೊಂದನ್ನೂ ಪಾರ್ಸಲ್ಲಿನಲ್ಲಿ ಕಳಿಸಿದ್ದೇನೆ. ಅಳೆದು ನೋಡು. ಕಾಗದವನ್ನು ಏನು ಮಾಡಬೇಕು ಅನ್ನುವುದು ನಿನಗೆ ಬಿಟ್ಟದ್ದು. ನನಗೆ ಇಬ್ಬರೂ ಬೇಕು, ಹಾಗಂತ ಯಾರನ್ನೂ ಕಾಪಾಡಿ ಅಂತ ಹೇಳಲಾರೆ.

ಅಕ್ಕ

*

ಜುಲೈ ೨೧

ಅಕ್ಕ,

ಅಳೆದೆ. ಸೋರಬಹುದಾದ ಮಿತಿ ಮುಕ್ಕಾಲು. ಏನು ಮುಕ್ಕಾಲು ಎಂದು ತಲೆ ಕೆಡಿಸಿಕೊಳ್ಳಬೇಡ, ಮುಕ್ಕಾಲನ್ನು ನೆನಪಿಟ್ಟುಕೊ. ಅಂಗಡಿಯ ಹೊಸ ತೊಟ್ಟಿ ಏಳು. ನಿಮ್ಮ ಮನೆಯದು ಹತ್ತೊಂಬತ್ತು.

ಹತ್ತೊಂಬತ್ತು ನೋಡಿ ನಾನು ಮೀಟರನ್ನು ಬದಲಾಯಿಸಿದೆ. ಬೇರೆ ಮೀಟರೂ ಹತ್ತೊಂಬತ್ತು ಎಂದಿತು. ಮೀಟರುಗಳಿಗೆ ಬಾಮೈದ ಭಾವ ಎಂಬ ಸಂಕೋಚ ಇರುವುದಿಲ್ಲ. ನಿಮ್ಮದೂ ಹುಟ್ಟುವಾಗ ಏಳೇ ಇದ್ದಿರಬೇಕು. ಅಂದರೆ ಡಬ್ಬಿಯ ಆ ಕೆಪಾಸಿಟರುಗಳು ದಿನದಿಂದ ದಿನಕ್ಕೆ ಒಳಗೇ ಒಡೆಯುತ್ತಿವೆ. ಒಂದು ದಿನ ಪೂರ್ತಿ ಒಡೆದರೆ, ಗೋಡೆಯ ಸಾಕೆಟ್ಟಿನಲ್ಲಿ ಇರುವುದೆಲ್ಲ ನೀರಿನಲ್ಲಿರುತ್ತದೆ. ಈ ಹೊತ್ತು ಜುಮ್ ಎನ್ನುತ್ತ ಕೂತಿರುವ ನೂರ ಅರವತ್ತೆರಡು ತೊಟ್ಟಿಗಳೂ ಆ ಕಡೆಗೇ ನಡೆಯುತ್ತಿವೆ, ಒಂದೊಂದೂ ಅದರದೇ ವೇಗದಲ್ಲಿ.

ನನಗೆ ಹೊಸ ಚಾಳಿ ಹತ್ತಿದೆ. ಬೆಳಿಗ್ಗೆ ಪೇಪರು ಬಂದ ಕೂಡಲೇ ತೀರಿಕೊಂಡವರ ಪುಟ ತೆಗೆಯುತ್ತೇನೆ. ‘ಬಚ್ಚಲಲ್ಲಿ ಜಾರಿ ಬಿದ್ದು’, ‘ಸ್ನಾನಗೃಹದಲ್ಲಿ ಹೃದಯಾಘಾತದಿಂದ’ ಎಂಬ ಸಾಲು ಕಂಡರೆ ಊರು ನೋಡುತ್ತೇನೆ. ನಿಮ್ಮ ಊರಿನ ಪೇಪರನ್ನೂ ತರಿಸುತ್ತಿದ್ದೇನೆ. ನಮ್ಮ ತೊಟ್ಟಿ ಕೊಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ, ಅಕ್ಕ. ವಯಸ್ಸಾದವರು, ಒದ್ದೆ ನೆಲ, ಜಾರಿದರು. ಮಕ್ಕಳು ಅತ್ತು, ತೊಟ್ಟಿಯನ್ನು ಒರೆಸಿ, ಇನ್ನೊಬ್ಬರ ಕಾಲಿಗೆ ಕೊಡುತ್ತಾರೆ.

ನೀನು ಕಳಿಸಿದ ಕಾಗದ ತೆಗೆದುಕೊಂಡು ಹಿರಿಯ ಪರೀಕ್ಷಕರ ಕೋಣೆಗೆ ಹೋದೆ. ಅವರು ಓದಿದರು. ತೊಟ್ಟಿಯ ಮುಚ್ಚಳ ಬಿಚ್ಚದೆ ಮುದ್ರೆ ಒತ್ತಿದ್ದನ್ನೂ ನಾನೇ ಹೇಳಿದೆ. ಪೆನ್ನಿನ ಮುಚ್ಚಳ ಹಾಕಿದರು. ‘ನಾಲ್ಕು ಸ್ಕ್ರೂ’ ಅಂದರು. ‘ಹೌದು ಸಾರ್’ ಅಂದೆ. ‘ಬಿಚ್ಚೋಕೆ ಎಷ್ಟು ಹೊತ್ತು ಬೇಕು?’ ‘ಎರಡು ನಿಮಿಷ ಸಾರ್.’ ‘ನೀನು ಇಲ್ಲಿ ಎಷ್ಟು ವರ್ಷದಿಂದ ಇದೀಯ?’ ‘ಹದಿನೇಳು.’ ಅವರು ಬೈದಿದ್ದರೆ ಚೆನ್ನಾಗಿತ್ತು. ‘ಹದಿನೇಳು ವರ್ಷದಲ್ಲಿ ನೀನು ಮುಚ್ಚಳ ತೆಗೀದೇ ಇದ್ದದ್ದು ಇದೊಂದೇನಾ ಅಂತ ಈಗ ನಾನು ಹುಡುಕ್ಬೇಕಲ್ಲಯ್ಯಾ’ ಅಂದರು. ಇದೊಂದೇ, ಅಕ್ಕ. ಆದರೆ ಯಾರು ನಂಬಬೇಕು?

ಎರಡೂ ಪ್ರಮಾಣಪತ್ರ ರದ್ದಾಗಿವೆ. ನನ್ನನ್ನೂ ಕಳಿಸಿದ್ದಾರೆ, ವಿಚಾರಣೆ ಮುಗಿಯುವವರೆಗೆ ಎಂದು ಕಾಗದದಲ್ಲಿದೆ, ಅವರ ಮುಖದಲ್ಲಿ ಬೇರೆ ಇತ್ತು. ಹಾಗಾಗಿ ನನಗೆ ಬೇಕಾದಷ್ಟು ಬಿಡುವು. ಭಾವನಿಗೆ ಹೇಳು, ಬರುತ್ತಿದ್ದೇನೆ. ಮಾತಾಡಬೇಕಾಗಿಲ್ಲ. ಗಾಡಿಯಲ್ಲಿ ಪಕ್ಕ ಕೂತರೆ ಸಾಕು.

ಸೊನ್ನೆ

*

ಸೆಪ್ಟೆಂಬರ್ ೪

ಪ್ರೀತಿಯವಳೇ,

ನಾನೂ ನಿನ್ನ ತಮ್ಮನೂ ಊರಾಚೆಯ ವಸತಿಗೃಹದಲ್ಲಿ ಇದ್ದೇವೆ. ಮೇಸ್ತ್ರಿ ಗಾಡಿಯಲ್ಲಿ ತೊಟ್ಟಿಗಳ ಕಾವಲಿಗೆ ಕೂತಿದ್ದಾನೆ. ನನಗೆ ಇಂಥ ಪತ್ರ ಬರೆದು ಅಭ್ಯಾಸವಿಲ್ಲ. ಆದರೂ ಅವನು ‘ಅಕ್ಕನಿಗೆ ನೀವೇ ಬರೀಬೇಕು, ಭಾವ’ ಅಂತ ಪೆನ್ನು ಕೈಗಿಟ್ಟ.

ನೂರ ಐವತ್ತೆಂಟು ಸಿಕ್ಕಿವೆ. ಸಿಗುವುದು ಅಷ್ಟು ಸುಲಭವಲ್ಲ ಕಣೇ. ನಾನು ಮಾಡಿದ ಜಾಹೀರಾತು ನನ್ನ ಎದುರೇ ನಿಂತು ವಾದಿಸುತ್ತದೆ. ‘ಅಪಾಯ ಇದೆ, ವಾಪಸ್ಸು ಕೊಡಿ’ ಅಂದರೆ, ‘ನಮ್ಮ ಕಾಲಿಗೆ ಹೊಂದಿಕೊಂಡಿದೆ, ಕೊಡಲ್ಲ’ ಅನ್ನುತ್ತಾರೆ. ಒಬ್ಬರು ತೊಟ್ಟಿಯನ್ನು ಮಂಚದ ಕೆಳಗೆ ಬಚ್ಚಿಟ್ಟು, ಮೇಲೆ ಮಲಗಿ, ಜ್ವರ ಅಂದರು. ನಿನ್ನ ತಮ್ಮ ಹಣೆ ಮುಟ್ಟಿ ನೋಡಿ, ‘ಮಿತಿಯೊಳಗೇ ಇದೆ’ ಅಂದ. ಮಹಡಿ ಹತ್ತಿದ ಅಮ್ಮ ಬಾಗಿಲಲ್ಲೇ, ‘ನನ್ನ ಜುಮ್ ಕಿತ್ಕೊಂಡು ಹೋಗೋಕೆ ಬಂದ್ಯಾ?’ ಅಂತ ಅತ್ತರು. ನಾನು ಇಕ್ಕಳ ತೆಗೆದು ಅವರ ಎದುರೇ ತಂತಿ ಕತ್ತರಿಸಿದೆ. ಅವರದನ್ನು ಅವನು ಅಳೆದ. ಮೂವತ್ತೊಂದು. ನನಗೆ ಹೇಳಲೋ ಬೇಡವೋ ಅಂತ ಗಾಡಿಯಲ್ಲಿ ಮೀಟರನ್ನು ಒರೆಸುತ್ತ ಕೂತಿದ್ದ. ಆಮೇಲೆ ಹೇಳಿದ. ನಾನು ರಸ್ತೆ ಬದಿಗೆ ಗಾಡಿ ನಿಲ್ಲಿಸಿಬಿಟ್ಟೆ.

ಕಡ್ಡಿ ಕಿತ್ತದ್ದು ಹನ್ನೊಂದು ಮನೆಗೆ ಎಂದು ಮೇಸ್ತ್ರಿ ಅನ್ನುತ್ತಾನೆ. ಹೆಸರು ಬರೆದಿಟ್ಟಿಲ್ಲ, ಉಪಕಾರಕ್ಕೆ ಯಾರು ಪುಸ್ತಕ ಇಡುತ್ತಾರೆ? ಅದರಲ್ಲಿ ಹತ್ತು ಸಿಕ್ಕಿವೆ. ಪ್ರತಿ ಬಾಗಿಲು ತಟ್ಟುವಾಗಲೂ ನನಗೆ ಒಂದೇ ಭಯ: ಬಾಗಿಲು ತೆಗೆಯುವವರ ಮುಖ ಅತ್ತ ಹಾಗಿರುತ್ತದೆಯೋ ಎಂದು. ಮೊನ್ನೆ ಒಂದು ಮನೆಯಲ್ಲಿ ಹಾಗೇ ಇತ್ತು. ಒಳಗೆ ಜನ ಸೇರಿದ್ದರು. ನಾನು ಹೊರಗೇ ನಿಂತೆ. ನಿನ್ನ ತಮ್ಮ ಕೇಳಿ ಬಂದ. ಅವರ ಅಣ್ಣ, ಬೇರೆ ಊರಿನಲ್ಲಿ, ಹಳೆಯ ಕಾಯಿಲೆಯಂತೆ. ನಾವಿಬ್ಬರೂ ಗಾಡಿಗೆ ಬಂದು ಸಂತೋಷಪಟ್ಟೆವು ಕಣೇ. ಯಾರೋ ಸತ್ತ ಮನೆಯ ಎದುರು ಕೂತು, ಕೈ ಹಿಡಿದುಕೊಂಡು.

ನಾನು ಅವನ ಜೊತೆ ಮಾತಾಡುತ್ತಿದ್ದೇನೆ. ಯಾವಾಗ ಶುರು ಮಾಡಿದೆನೋ ಗೊತ್ತಾಗಲಿಲ್ಲ.

ನಿನ್ನ,
ಇವರು

*

ಅಕ್ಟೋಬರ್ ೧೨

ನೂರ ಹನ್ನೆರಡನೆಯ ನಂಬರಿನ ಕಾಲುತೊಟ್ಟಿ ಇರುವ ಮನೆಯವರಿಗೆ,

ನಮ್ಮ ಮಾರಾಟದ ಪುಸ್ತಕದಲ್ಲಿ ನಿಮ್ಮ ತೊಟ್ಟಿಯ ನಂಬರು ಮಾತ್ರ ಇದೆ, ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ಹಾಗಾಗಿ ಈ ಪತ್ರವನ್ನು ಅಂಚೆಗೆ ಹಾಕದೆ ಬಸ್ ನಿಲ್ದಾಣಗಳಲ್ಲಿ, ಔಷಧದ ಅಂಗಡಿಗಳಲ್ಲಿ, ಕಂಬಗಳಲ್ಲಿ ಅಂಟಿಸುತ್ತಿದ್ದೇವೆ. ಬೇರೆಯವರು ಓದಿದರೆ ದಯವಿಟ್ಟು ಹರಿಯಬೇಡಿ, ನಗಬೇಡಿ, ಅವರಿಗೆ ತಲುಪಿಸಿ.

ನೂರ ಅರವತ್ತೆರಡು ತೊಟ್ಟಿ ವಾಪಸ್ಸು ಬಂದಿವೆ. ನಿಮ್ಮದು ಒಂದು ಬಾಕಿ. ನೀವು ಮೇ ತಿಂಗಳಲ್ಲಿ ಒಬ್ಬರೇ ಬಂದು ಕೊಂಡಿರಿ. ಮತ್ತೆ ಜೂನಿನಲ್ಲಿ ಬಂದು, ‘ನಮ್ಮತ್ತೆಗೆ ಅಂತ ತಗೊಂಡೆ, ಅವರಿಗೆ ಜುಮ್ ಬರ್ತಿಲ್ವಂತೆ, ದಿನಾ ನನ್ನನ್ನ ಬೈತಾರೆ’ ಎಂದು ನಗುತ್ತ ಹೇಳಿದಿರಂತೆ. ನಮ್ಮ ಮೇಸ್ತ್ರಿಗೆ ನೆನಪಿರುವುದು ಇಷ್ಟೇ. ನಿಮ್ಮ ಮುಖ ನೆನಪಿಸಿಕೊಳ್ಳಲು ಅವನು ದಿನವೂ ಕಣ್ಣು ಮುಚ್ಚಿ ಕೂರುತ್ತಾನೆ, ಆಗುತ್ತಿಲ್ಲ. ಅವನು ಪ್ಲಗ್ಗಿನ ಮೂರನೆಯ ಕಡ್ಡಿ ಕಿತ್ತುಕೊಟ್ಟ. ಅದನ್ನು ಕೀಳಬಾರದಾಗಿತ್ತು. ಜುಮ್ ಎನ್ನುವುದು ಚಿಕಿತ್ಸೆಯಲ್ಲ, ತೊಟ್ಟಿಯೊಳಗಿನ ಕರೆಂಟು. ನಿಮ್ಮ ಅತ್ತೆ ಅದರಲ್ಲಿ ಕಾಲಿಡಬಾರದು. ಯಾರೂ ಇಡಬಾರದು.

ಈಗಲೇ ಮಾಡಬೇಕಾದದ್ದು: ಅತ್ತೆ ತೊಟ್ಟಿಯಲ್ಲಿ ಕಾಲಿಟ್ಟು ಕೂತಿದ್ದರೆ ಅವರನ್ನು ಮುಟ್ಟಬೇಡಿ, ನೀರನ್ನು ಮುಟ್ಟಬೇಡಿ. ಮೊದಲು ಗೋಡೆಯ ಸ್ವಿಚ್ಚು ಆರಿಸಿ. ಒಣ ಕೈಯಲ್ಲಿ ಪ್ಲಗ್ಗು ಕಿತ್ತು, ತಂತಿಯನ್ನು ಕತ್ತರಿಸಿಬಿಡಿ. ನಂತರ ತನ್ನಿ, ಇಲ್ಲವೇ ಹೇಳಿ ಕಳಿಸಿ, ನಾವೇ ಬರುತ್ತೇವೆ. ವರ್ಕ್‌ಶಾಪಿನಲ್ಲಿ ಈಗ ಬೇರೆ ಕೆಲಸವಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೂವರಲ್ಲಿ ಒಬ್ಬರು ಬ್ಯಾಗಿನಲ್ಲಿ ಇಕ್ಕಳ ಇಟ್ಟುಕೊಂಡು ಬಾಗಿಲಲ್ಲಿ ಕೂತಿರುತ್ತಾರೆ. ಹೊರಗೆ ಯಾರ ಹೆಜ್ಜೆ ಕೇಳಿದರೂ ಮೂವರೂ ಏಳುತ್ತೇವೆ.

ಜುಮ್ ಎನ್ನುವುದು ನಿಂತುಹೋಗಿ, ಈಗ ಸರಿಯಾಗಿದೆ ಎಂದು ನಿಮಗೆ ಅನಿಸಿದ್ದರೂ ತೊಟ್ಟಿ ಬಳಸಬೇಡಿ. ಕೆಟ್ಟು ಮೂಲೆ ಸೇರಿದ್ದರೂ, ಯಾರಿಗೋ ಕೊಟ್ಟುಬಿಟ್ಟಿದ್ದರೂ ಬಂದು ಹೇಳಿ.

ಇನ್ನೊಂದು ಮಾತು ಬರೆಯಬೇಕೋ ಬೇಡವೋ ಎಂದು ಮೂರು ದಿನ ಕೂತೆವು. ನಿಮ್ಮ ಮನೆಯಲ್ಲಿ ಏನಾದರೂ ಆಗಿಹೋಗಿದ್ದರೆ, ಬಚ್ಚಲಲ್ಲಿ ಜಾರಿ ಬಿದ್ದರು ಎಂದು ನೀವೆಲ್ಲ ಅಂದುಕೊಂಡಿದ್ದರೆ, ನೀವೇ ನೀರು ತುಂಬಿಸಿ ಕೊಟ್ಟವರಾಗಿದ್ದರೆ, ಅದು ನಿಮ್ಮಿಂದಲ್ಲ. ನಮ್ಮಿಂದ. ಅದನ್ನು ಯಾರ ಎದುರು ಬೇಕಾದರೂ, ಎಲ್ಲಿ ಬೇಕಾದರೂ ಬಂದು ಹೇಳುತ್ತೇವೆ.

ದಯವಿಟ್ಟು ಬನ್ನಿ. ಬೈಯಲಿಕ್ಕಾದರೂ ಬನ್ನಿ.

ತೊಟ್ಟಿ ಮಾಡಿದವನು,
ಮುದ್ರೆ ಒತ್ತಿದವನು